ಗ್ಯಾಸ್ ತುಂಬುವ ಹಾಡು

ಪೊರ್ಬುಗಳ ಎಡಗೈಯ ಕಿರುಬೆರಳು ಯಾವಾಗಲೂ ಹಸಿರಾಗಿರುತ್ತಿತ್ತು. ಏಸಿ ರಿಪೇರಿಯ ತಾಮ್ರದ ಪೈಪಿನಿಂದ ಒಂದು ಸಣ್ಣ ತುಂಡು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಅದನ್ನು ಆ ಬೆರಳಿಗೆ ತೊಡಿಸಿಕೊಂಡು ಅವರು ಗಿಟಾರಿನ ತಂತಿಗಳ ಮೇಲೆ ಜಾರಿಸುತ್ತಿದ್ದರು. ಬೆವರು ತಾಗಿ ತಾಮ್ರ ಕಿಲುಬು ಬಿಡುತ್ತಿತ್ತು. ಚರ್ಚಿಗೆ ಹೊರಡುವ ಮುನ್ನ ಅವರ ಹೆಂಡತಿ ಆ ಬೆರಳನ್ನು ಹಿಡಿದುಕೊಂಡು, ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು. "ಪ್ರಸಾದಕ್ಕೆ ಕೈ ಚಾಚುವಾಗ ಪಾದ್ರಿಗಳು ನೋಡಿದ್ರೆ ಏನು ಗ್ರಹಿಸ್ಬೇಕು? ಬೆರಳು ಕೊಳೆತಿದೆ ಅಂತ ಗ್ರಹಿಸ್ತಾರೆ" ಎನ್ನುತ್ತಿದ್ದರು. ಪೊರ್ಬುಗಳು ಕೈಯನ್ನು ಅವರಿಗೆ ಒಪ್ಪಿಸಿ, ಯಾರದೋ ಬೆರಳು ಎಂಬಂತೆ ಟೀವಿ ನೋಡುತ್ತ ಕೂರುತ್ತಿದ್ದರು.

ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಪೊರ್ಬುಲು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ನಮ್ಮ ತುಳುವರ ರೂಢಿ. ದುಬೈಯಲ್ಲಿ ಪೊರ್ಬುಗಳು ನೂರಾರು ಜನ ಇದ್ದರು. ನನಗೆ ಮಾತ್ರ ಇವರೊಬ್ಬರೇ. ಹಗಲು ಏಸಿ ಮೆಕ್ಯಾನಿಕ್, ವಾರಕ್ಕೆರಡು ಸಂಜೆ ದೇರಾದ ಒಂದು ಹೋಟೆಲಿನ ಬಾರಿನಲ್ಲಿ ರಾಕ್ ಬ್ಯಾಂಡಿನ ಯಜಮಾನ. ನಾನು ಆ ಬ್ಯಾಂಡಿನ ಡ್ರಮ್ಮರ್ ಆಗಿದ್ದೆ. ಆ ಬ್ಯಾಂಡ್ ಮುಗಿದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲು ಮುಗಿಸಿದ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪನ್ನು ಕೊನೆಯವರೆಗೆ ಬಚ್ಚಿಟ್ಟು ಹೇಳುವ ಜಾಣತನ ನನಗಿಲ್ಲ.

ಅವರು ನನಗೆ ಸಿಕ್ಕಿದ್ದು ಏಣಿಯ ಮೇಲೆ. ಆಗ ನಾನು ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದೆ. ದೇರಾದ ಫ್ಲಾಟಿನ ಒಂದೇ ಕೋಣೆಯಲ್ಲಿ ಅಂತಸ್ತಿನ ಮಂಚಗಳ ಮೇಲೆ ನಾವೆಲ್ಲ ಇದ್ದೆವು. ಆಗಸ್ಟ್ ತಿಂಗಳಲ್ಲಿ ಏಸಿ ಕೈಕೊಟ್ಟಿತು. ಪೊರ್ಬುಗಳು ಬಂದು ಏಣಿ ಹತ್ತಿ ಏಸಿಯೊಳಗೆ ತಲೆ ತೂರಿಸಿದ್ದರು. ಸ್ನಾನದ ಸರದಿ ಕಾಯುತ್ತ ನಾನು ಬಕೆಟ್ ಬಡಿಯುತ್ತಿದ್ದೆ.

"ಬಕೆಟ್ ಬಡಿಯುವವ ಯಾರು?" ಎಂದು ಏಸಿಯೊಳಗಿಂದ ಸ್ವರ ಬಂತು.

ನಾನು ನಿಲ್ಲಿಸಿದೆ.

"ನಿಲ್ಲಿಸ್ಲಿಕ್ಕೆ ಹೇಳ್ಲಿಲ್ಲ ಮಾರಾಯ. ಎಲ್ಲಿ ಕಲಿತದ್ದು?"

"ಅಷ್ಟಮಿಗೆ ಹುಲಿವೇಷದ ತಾಸೆ ಬಡೀತಿದ್ದೆ ಪೊರ್ಬುಲೆ."

ಅವರು ತಲೆ ಹೊರತೆಗೆದು ಮೇಲಿನಿಂದಲೇ ನನ್ನನ್ನು ನೋಡಿದರು. ಮೀಸೆಯ ಮೇಲೆಲ್ಲ ಫಿಲ್ಟರಿನ ಧೂಳು. "ಗುರುವಾರ ನಮ್ಮ ಗೋಡೌನಿಗೆ ಬಾ. ಡ್ರಮ್ ಉಂಟು, ಬಾರಿಸುವವ ಇಲ್ಲ. ಆದ್ರೆ ಹುಲಿಯನ್ನು ರೂಮಲ್ಲೇ ಕಟ್ಟಿಹಾಕಿ ಬಾ."

ನಾನು ಹೋದೆ. ಹುಲಿಯೂ ಜೊತೆಗೇ ಬಂತು.

ಪೊರ್ಬುಗಳಿಗೆ ಆ ಸಂಗೀತದ ಹುಚ್ಚು ಹಿಡಿದದ್ದು ಅಬುಧಾಬಿಯಲ್ಲಂತೆ. ಅವರು ಹೊಸದಾಗಿ ಗಲ್ಫಿಗೆ ಬಂದಾಗ ತೈಲ ಕಂಪೆನಿಯ ಕ್ಯಾಂಪೊಂದರಲ್ಲಿ ಏಸಿ ನೋಡಿಕೊಳ್ಳುತ್ತಿದ್ದರು. ಅಲ್ಲಿದ್ದ ಅಮೆರಿಕದ ಮುದುಕನೊಬ್ಬ ಊರಿಗೆ ಮರಳುವಾಗ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟು ಹೋದ. ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಸಂಗೀತ ಅದು. ನನಗೆ ತಿಳಿದ ಮಟ್ಟಿಗೆ ಆ ಹಾಡುಗಳಲ್ಲಿ ಒಂದು ಹೆದ್ದಾರಿ, ಒಂದು ನದಿ, ಬಿಟ್ಟುಹೋದ ಒಬ್ಬ ಹೆಂಗಸು ಇರಲೇಬೇಕು. ಅವಳು ಹೋದ ಮೇಲೆ ಎರಡು ಗಿಟಾರುಗಳು ದೀರ್ಘವಾಗಿ ಜಗಳವಾಡಿ ಕೊನೆಗೆ ರಾಜಿಯಾಗುತ್ತವೆ. ಜಗಳದ ಭಾಗ ಪೊರ್ಬುಗಳದು. ಬ್ಯಾಂಡಿನ ಹೆಸರು 'ಕಂಡೆನ್ಸರ್ಸ್'. ಗೋವಾದವನೊಬ್ಬ, ಶ್ರೀಲಂಕಾದವನೊಬ್ಬ ಬೇರೆ ಗಿಟಾರುಗಳನ್ನು ನೋಡಿಕೊಳ್ಳುತ್ತಿದ್ದರು. ಹಾಡುವವನು ಫಿಲಿಪಿನೋ. ಹಗಲು ಕಾರ್ಗೋ ಆಫೀಸಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ನನ್ನ ಭುಜದಷ್ಟು ಎತ್ತರ, ಬಾಯಿ ತೆರೆದರೆ ಆರಡಿ ಲಾರಿ ಡ್ರೈವರನ ಸ್ವರ. ನಾವು ಅಭ್ಯಾಸ ಮಾಡುತ್ತಿದ್ದದ್ದು ಏಸಿ ಗಾಳಿಯ ತಗಡಿನ ಕೊಳವೆಗಳನ್ನು ಪೇರಿಸಿಟ್ಟಿದ್ದ ಗೋಡೌನಿನಲ್ಲಿ. ಒಂದು ಪೆಟ್ಟು ಹೊಡೆದರೆ ಕೊಳವೆಗಳೆಲ್ಲ ಸೇರಿ ಅದನ್ನು ಮತ್ತೆ ನಮಗೇ ಹೇಳುತ್ತಿದ್ದವು.

ಪೊರ್ಬುಗಳು ಸ್ವಂತವಾಗಿ ಕಟ್ಟಿದ್ದು ಒಂದೇ ಒಂದು ಹಾಡು. ಅದಕ್ಕೆ ಪದಗಳಿರಲಿಲ್ಲ. ಬೇಸಿಗೆಯಲ್ಲಿ ಕಟ್ಟಡಗಳ ತಾರಸಿಯ ಮೇಲೆ ಏಸಿಗೆ ಗ್ಯಾಸ್ ತುಂಬುವಾಗ ಮಾಡಲು ಬೇರೇನೂ ಕೆಲಸವಿರುವುದಿಲ್ಲ. ಗೇಜಿನ ಮುಳ್ಳು ಏರುವುದನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತಿರಬೇಕು. ಆ ಮುಳ್ಳು ಏರುವ ನಿಧಾನದಲ್ಲೇ ಅವರ ಬಾಯಿಗೆ ಬಂದ ರಾಗ ಅದು. ನಾವು ಅದನ್ನು ಗ್ಯಾಸ್ ತುಂಬುವ ಹಾಡು ಎನ್ನುತ್ತಿದ್ದೆವು. ಅದನ್ನು ಒಂದು ಸಲ, ಒಂದೇ ಒಂದು ಸಲ, ಮೊದಲಿನಿಂದ ಕೊನೆಯವರೆಗೆ ಅದರ ನಿಧಾನದಲ್ಲೇ ಮುಗಿಸಬೇಕೆಂಬುದು ಅವರ ಆಸೆ. ಅದಕ್ಕಿದ್ದ ಅಡ್ಡಿಯೂ ಒಂದೇ. ನಾನು.

ಹುಲಿವೇಷದ ತಾಸೆಗೆ ನಿಧಾನವೆಂಬುದೇ ಗೊತ್ತಿಲ್ಲ. ಹುಲಿ ಕುಣಿದಷ್ಟು ತಾಸೆ ಏರಬೇಕು, ತಾಸೆ ಏರಿದಷ್ಟು ಹುಲಿ ಕುಣಿಯಬೇಕು. ನನ್ನ ಕೈಗಳು ಹುಟ್ಟಿ ಬೆಳೆದದ್ದೇ ಆ ಲೆಕ್ಕದಲ್ಲಿ. ಗ್ಯಾಸಿನ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ತಿಳಿಯದೆ ಓಡತೊಡಗುತ್ತಿದ್ದೆ. ಪೊರ್ಬುಗಳು ನುಡಿಸುತ್ತಲೇ ತಿರುಗಿ ಕೂಗುತ್ತಿದ್ದರು: "ಅವಸರ ಮಾಡ್ಬೇಡ ಮಾರಾಯ, ಕಂಪ್ರೆಸರ್ ಸಾಯ್ತದೆ!"

ದೇರಾದ ಆ ಬಾರಿನ ಗೋಡೆಯಲ್ಲಿ ಫೈಬರಿನ ಕೋಣದ ತಲೆಯೊಂದಿತ್ತು. ನಮ್ಮ ಕಂಬಳದ ಕೋಣಗಳು ನೋಡಿದ್ದರೆ ನಗುತ್ತಿದ್ದವು. ಗಿರಾಕಿಗಳು ಸಮುದ್ರದ ತೈಲ ರಿಗ್ಗುಗಳಿಂದ ರಜೆಗೆ ಬರುತ್ತಿದ್ದ ಅಮೆರಿಕನ್ನರು. ಮೊದಮೊದಲು ಅವರು ನಮ್ಮ ಕಡೆ ಬೆನ್ನು ಹಾಕಿ ಕುಡಿಯುತ್ತಿದ್ದರು. ಒಂದು ಸಂಜೆ ಹಾಡಿನ ನಡುವೆ ಮೈಕು ಸತ್ತಿತು. ಫಿಲಿಪಿನೋ ಬಾಯಿ ತೆರೆದೇ ನಿಂತ. ಗಾಬರಿಯಲ್ಲಿ ನನ್ನ ಕೈಗಳು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದವು. ಶುದ್ಧ ಅಷ್ಟಮಿಯ ತಾಸೆ. ಬ್ಯಾರೆಲ್ಲಿನಷ್ಟು ದಪ್ಪದ ಒಬ್ಬ ಮುದುಕ ಮೇಜು ಹತ್ತಿದ. ಯಾರೂ ಕಲಿಸದಿದ್ದರೂ ಅವನು ಹುಲಿಯ ಹಾಗೆಯೇ ಕುಣಿದ. ಸೊಂಟ ಬಗ್ಗಿಸಿ, ಉಗುರು ಚಾಚಿ, ಗುರುಗುಟ್ಟುತ್ತ! ಮೇಜು ಮುರಿಯಿತು, ಅವನು ಕೆಳಗೆ ಬಿದ್ದು ಅಲ್ಲಿಂದಲೂ ಚಪ್ಪಾಳೆ ತಟ್ಟಿದ.

ಮರುವಾರ ನಿಲ್ಲಲು ಜಾಗವಿರಲಿಲ್ಲ. ನಮ್ಮ ಬ್ಯಾಂಡು ಮೇಲೆ ಬಂದದ್ದು ಹೀಗೆ. ಯಾವ ಹಾಡು ಶುರುವಾದರೂ ಜನ "ಟೈಗರ್! ಟೈಗರ್!" ಎಂದು ಕೂಗುತ್ತಿದ್ದರು. ಬಿಟ್ಟುಹೋದ ಹೆಂಗಸಿನ ಹಾಡುಗಳೆಲ್ಲ ಹುಲಿವೇಷದಲ್ಲಿ ಮುಗಿಯತೊಡಗಿದವು. ರಿಗ್ಗಿನವರು ನಮಗೆಲ್ಲ ದೊಡ್ಡ ಟೋಪಿ ತಂದುಕೊಟ್ಟರು. ಪೊರ್ಬುಗಳ ಟೋಪಿ ಕಿವಿಯ ತನಕ ಇಳಿಯುತ್ತಿತ್ತು. ಅದರೊಳಗಿಂದ ನನ್ನ ಕಡೆ ನೋಡಿ, "ನಾವು ಬ್ಯಾಂಡ್ ಕಟ್ಟಿದ್ದಾ, ಮೆರವಣಿಗೆ ಕಟ್ಟಿದ್ದಾ?" ಎಂದು ಕೇಳುತ್ತಿದ್ದರು. ಆದರೂ ಆ ಕಿಕ್ಕಿರಿದ ಬಾರನ್ನು ನೋಡುವಾಗ ಮೀಸೆಯಡಿಯ ನಗುವನ್ನು ಅವರಿಂದ ಅಡಗಿಸಲಾಗುತ್ತಿರಲಿಲ್ಲ.

ಅಬುಧಾಬಿಯ ಒಂದು ಕ್ಲಬ್ಬಿನಿಂದ ಕರೆ ಬಂದಾಗ ಅವರು ಹೊಸ ಅಂಗಿ ಹೊಲಿಸಿದರು. "ಅಲ್ಲಿ ನಮ್ಮ ಹುಲಿ ಯಾರಿಗೂ ಗೊತ್ತಿಲ್ಲ. ಗ್ಯಾಸಿನ ಹಾಡು ಅಲ್ಲಿ ಮುಗಿಸುವ, ಆಯ್ತಾ?" ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾವು ಹೊರಟದ್ದು ಏಸಿ ಕಂಪೆನಿಯ ಪಿಕಪ್ಪಿನಲ್ಲಿ. ಮೇಲೆ ಏಣಿ, ಹಿಂದೆ ಡ್ರಮ್ಮು. ಏಣಿಯನ್ನು ಕಂಡ ಕ್ಲಬ್ಬಿನ ಗಾರ್ಡ್ ನಮ್ಮನ್ನು ಹಿಂದಿನ ಬಾಗಿಲಿಗೆ ಕಳಿಸಿದ. ಅಲ್ಲಿ ಯಾರೋ, "ಎಷ್ಟು ಹೊತ್ತು ಮಾಡಿದ್ರಿ, ಒಳಗೆ ಗೆಸ್ಟುಗಳು ಬೇಯ್ತಾ ಇದ್ದಾರೆ" ಎಂದು ಬೈದು ಸೀದಾ ತಾರಸಿಗೆ ಹತ್ತಿಸಿದರು. ಆ ದಿನ ಅಲ್ಲಿಯ ಏಸಿ ನಿಜವಾಗಿಯೂ ಕೆಟ್ಟಿತ್ತು.

"ಹೇಳಿ ಪೊರ್ಬುಲೆ, ನಾವು ಬ್ಯಾಂಡಿನವರು ಅಂತ" ಎಂದೆ.

ಅವರು ಆಗಲೇ ಮುಚ್ಚಳ ಬಿಚ್ಚಿದ್ದರು. "ಸೆಕೆಯಲ್ಲಿ ಯಾರಾದ್ರೂ ಪದ್ಯ ಕೇಳ್ತಾರಾ? ಸ್ಪಾನರ್ ಕೊಡು."

ಹೊಸ ಅಂಗಿಯ ತುಂಬ ಗ್ರೀಸು ಮೆತ್ತಿಸಿಕೊಂಡು ಕೆಳಗಿಳಿದು ಅವರು ಗಿಟಾರು ಎತ್ತಿಕೊಂಡಾಗ ಕ್ಲಬ್ಬಿನವರು ಮುಖ ಮುಖ ನೋಡಿಕೊಂಡರು. ಗ್ಯಾಸಿನ ಹಾಡು ಚೆನ್ನಾಗಿಯೇ ಹೊರಟಿತು. ಅರ್ಧದ ತನಕ ನಾನು ಹಲ್ಲು ಕಚ್ಚಿ ಹಿಡಿದೆ. ಆಗ ಮುಂದಿನ ಮೇಜಿನಲ್ಲಿ ಒಬ್ಬಳು ತಲೆಯಾಡಿಸಿದಳು. ಅಷ್ಟು ಸಾಕಾಯಿತು ನನಗೆ.

ಹಿಂದಿರುಗುವ ದಾರಿಯಲ್ಲಿ ಪೊರ್ಬುಗಳು ಅಂಗಿಯ ಗ್ರೀಸನ್ನು ಉಜ್ಜುತ್ತ ಕೂತಿದ್ದರು. ಕೊನೆಗೆ, "ಅಬುಧಾಬಿಯಲ್ಲಿ ಒಂದು ಕಂಪ್ರೆಸರ್ ಬದುಕಿಸಿದೆ, ಒಂದು ಸತ್ತಿತು" ಎಂದರು.

ಕಾಲ ಬದಲಾಯಿತು. ರಿಗ್ಗಿನ ಗಿರಾಕಿಗಳು ಕಡಿಮೆಯಾದರು. ಬಂದವರೂ ಸಮುದ್ರ ತೀರದ ಹೊಸ ಹೋಟೆಲುಗಳ ಕಡೆ ಹೋದರು. ಕೋಣದ ತಲೆಯ ಮೇಲೆ ಧೂಳು ಕೂತಿತು. ಬಾರಿನ ಮ್ಯಾನೇಜರ್ ನಮ್ಮ ಊಟದಿಂದ ಮೊದಲು ಕೋಳಿ ತೆಗೆದ, ಆಮೇಲೆ ಮೊಟ್ಟೆ ತೆಗೆದ. ಆಗ ರಂಜಾನ್ ಬಂತು. ಆ ತಿಂಗಳು ಬಾರುಗಳಲ್ಲಿ ಬ್ಯಾಂಡ್ ಇರುತ್ತಿರಲಿಲ್ಲ. ಅದು ನಮ್ಮ ಪ್ರತಿವರ್ಷದ ರಜೆ.

ಆ ರಜೆಯಲ್ಲಿ ಮ್ಯಾನೇಜರ್ ನನ್ನನ್ನು ಒಬ್ಬನನ್ನೇ ಕರೆಸಿದ. ಅವನ ಪಕ್ಕದಲ್ಲಿ ಕೀಬೋರ್ಡಿನವನೊಬ್ಬ ಕೂತಿದ್ದ. "ಮಾಸ್ಟರ್, ನಿಮ್ಮ ಟೈಗರ್ ಬೀಟಿನ ಬಗ್ಗೆ ತುಂಬ ಕೇಳಿದ್ದೇನೆ" ಎಂದ. ನನ್ನನ್ನು ಅಲ್ಲಿಯವರೆಗೆ ಯಾರೂ ಮಾಸ್ಟರ್ ಅಂದಿರಲಿಲ್ಲ. ಲಾಂಡ್ರಿಯಲ್ಲಿ 'ಏಯ್', ಊರಲ್ಲಿ ಹೆಂಡತಿಗೆ 'ನೋಡಿ', ಪೊರ್ಬುಗಳ ಬಾಯಲ್ಲಿ 'ಮಾರಾಯ'. ಕೀಬೋರ್ಡಿನೊಳಗೆ ತಾಳಗಳನ್ನು ತುಂಬಿಸಿಡಬಹುದಂತೆ. ನಾನು ಕೂತು, ಗೊತ್ತಿದ್ದ ಪೆಟ್ಟುಗಳನ್ನೆಲ್ಲ ಬಾರಿಸಿ ಅದಕ್ಕೆ ತುಂಬಿಸಿದೆ. ಕೇಳದಿದ್ದದ್ದನ್ನೂ ಬಾರಿಸಿದೆ. ಹಬ್ಬದ ನಂತರ ಬ್ಯಾಂಡ್ ಇರುವುದಿಲ್ಲವೆಂದು ಮ್ಯಾನೇಜರ್ ಮೊದಲೇ ಹೇಳಿದ್ದ. ನನ್ನೊಬ್ಬನನ್ನು ಮಾತ್ರ ಕೀಬೋರ್ಡಿನ ಪಕ್ಕದಲ್ಲಿ ಕೂರಿಸುತ್ತೇನೆ, ಪೊರ್ಬುಗಳಿಗೆ ಹೇಳಬೇಡ ಎಂದಿದ್ದ. ನಾನು ಹೇಳಲಿಲ್ಲ.

ಹಬ್ಬ ಕಳೆದ ಮೊದಲ ಸಂಜೆ ಎಲ್ಲರೂ ಸಾಮಾನು ಹೊತ್ತು ಬಾರಿನ ಮೆಟ್ಟಿಲು ಹತ್ತಿದೆವು. ಮುಂದೆ ಪೊರ್ಬುಗಳು, ತಲೆಯಲ್ಲಿ ಟೋಪಿ. ಮೇಲೆ ವೇದಿಕೆಯಲ್ಲಿ ಕೀಬೋರ್ಡಿನವನು ಒಬ್ಬನೇ ನಿಂತಿದ್ದ. ಡ್ರಮ್ಮೇ ಇಲ್ಲದ ಆ ವೇದಿಕೆಯಿಂದ ನನ್ನ ತಾಸೆ ಕೇಳುತ್ತಿತ್ತು.

ಪೊರ್ಬುಗಳು ನಿಂತರು. ಹಾಡು ಮುಗಿಯುವ ತನಕ ತಲೆ ಬಾಗಿಸಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನಿನ್ನ ಕೈ" ಎಂದರು. ಅವರು ಮತ್ತೊಮ್ಮೆ ಯಂತ್ರದ ಕಡೆ ನೋಡಿ, ನಿಜವಾದ ಆಶ್ಚರ್ಯದಿಂದ, "ಆದ್ರೆ ಓಡ್ಲಿಲ್ಲ ನೋಡು ಮಾರಾಯ!" ಎಂದರು.

ಮ್ಯಾನೇಜರ್ ಬಂದು ಹಿಂದಿಯಲ್ಲಿ, "ಭಾಯ್, ಬ್ಯಾಂಡ್ ಖಲಾಸ್. ಈ ಪೆಟ್ಟಿಗೆ ಊಟ ಕೇಳುವುದಿಲ್ಲ" ಎಂದ. ಅವನನ್ನು ಬದಿಗೆ ಕರೆದು ನನ್ನ ಕುರ್ಚಿಯ ಮಾತು ಎತ್ತಿದೆ. "ಮಾಫಿ" ಎಂದ. ಇಲ್ಲ ಎನ್ನಲು ಅವನಿಗೆ ಆ ಒಂದು ಅರಬ್ಬಿ ಪದ ಸಾಕಾಯಿತು. ಫಿಲಿಪಿನೋ ಕೆಂಪಗಾಗಿ ಕೋಣದ ತಲೆಯನ್ನೇ ಕಿತ್ತುಕೊಂಡು ಹೋಗಲು ನೋಡಿದ. ಕೈಗೆ ಒಂದು ಕೊಂಬು ಬಂತು. ಅದು ಈಗಲೂ ಅವನ ಕಾರ್ಗೋ ಆಫೀಸಿನಲ್ಲಿದೆ.

ಆಮೇಲೆ ಬಹಳ ವರ್ಷ ನಾನು ಪೊರ್ಬುಗಳ ಮನೆ ಕಡೆ ತಲೆ ಹಾಕಲಿಲ್ಲ. ವಯಸ್ಸಾದ ಮೇಲೆ ಮಗಳು ನನ್ನನ್ನು ಊರಿಂದ ಮತ್ತೆ ದುಬೈಗೆ, ಅಲ್ ನಹ್ದಾದ ತನ್ನ ಫ್ಲಾಟಿಗೆ ಕರೆಸಿಕೊಂಡಳು. ಒಂದು ದಿನ ಸೂಪರ್ ಮಾರ್ಕೆಟಿನಲ್ಲಿ ತೊಂಡೆಕಾಯಿ ಆರಿಸುತ್ತಿದ್ದೆ. ಪಕ್ಕದಿಂದ ಒಂದು ಹಸಿರು ಬೆರಳು ಅದೇ ರಾಶಿಗೆ ಬಂತು. ಓಡಿಹೋಗಲು ಮಂಡಿ ಒಪ್ಪಲಿಲ್ಲ.

"ಬಾ, ಎದುರಿನ ಬಿಲ್ಡಿಂಗಲ್ಲೇ ಮಗನ ಮನೆ" ಎಂದರು, ನಿನ್ನೆ ತಾನೇ ಬೇರಾದವರ ಹಾಗೆ.

ಅವರ ಮನೆಯಲ್ಲಿ ಚಹಾ ಕುಡಿಯುತ್ತ ನಾನು ಎಲ್ಲವನ್ನೂ ಹೇಳಿದೆ. ಮಾಸ್ಟರ್ ಅನ್ನಿಸಿಕೊಂಡದ್ದು, ಮೊದಲೇ ತಿಳಿದೂ ಬಾಯಿ ಮುಚ್ಚಿಕೊಂಡದ್ದು, ಆ ಕುರ್ಚಿಯ ಆಸೆ. ಹೇಳುತ್ತ ಅತ್ತೆ. ಅವರ ಹೆಂಡತಿ ಬಾಯಮ್ಮ ಅಡುಗೆಮನೆಯಿಂದ ಇಣುಕಿ ಹಿಂದೆ ಸರಿದರು.

"ಇದು ನಮ್ಮಲ್ಲಿ ಕುಮ್ಸಾರ್" ಎಂದರು ಪೊರ್ಬುಗಳು. "ಪಾದ್ರಿಗಳ ಎದುರು ಪಾಪ ಹೇಳುವುದು. ನಾನು ಏಸಿಯವ, ನನ್ನ ಹತ್ರ ಹೇಳಿ ಏನು? ಮತ್ತೆ, ಅದು ನನಗೆ ಆಗ್ಲೇ ಗೊತ್ತಿತ್ತು."

"ಹೇಗೆ ಪೊರ್ಬುಲೆ?"

"ಆ ರಂಜಾನಿಗೆ ನೀನು ಫೋನ್ ಮಾಡಿ, ನಿಮ್ಮ ಕಡೆ ಸೆಕೆ ಹೇಗುಂಟು ಅಂತ ಕೇಳಿದ್ದಿ. ದುಬೈಯಲ್ಲಿ, ಏಸಿಯವನ ಹತ್ರ! ನಾನು ನನ್ನ ಹೆಂಡತಿಗೆ ಹೇಳಿದೆ, ಇವ ಎಂಥದೋ ಮಾಡಿದ್ದಾನೆ ಅಂತ."

"ಬ್ಯಾಂಡ್ ಮುಗಿಸಿದವ ನಾನು."

ಅವರಿಗೆ ನಗು ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ಜನವಾ ನೀನು? ಕೇಳುವವರು ಎದ್ದು ಹೋದ್ರು, ಬ್ಯಾಂಡ್ ಮುಗೀತು. ನೀನು ಬಾಗಿಲು ಹಾಕಿದ್ದು ಮಾತ್ರ." ಚಹಾದ ಲೋಟ ಕೆಳಗಿಟ್ಟು, "ಜೋರಾಗಿ ಹಾಕಿದ್ದಿ, ಅದು ಹೌದು" ಎಂದರು. ಅಷ್ಟು ಹೊತ್ತಿನಲ್ಲಿ ಅವರ ಮುಖದಿಂದ ನಗು ಹೋದದ್ದು ಆ ಒಂದು ಮಾತಿಗೆ. ನಾನು ಕ್ಷಮಿಸಿ ಎಂದೆ. ಅವರು ಬಿಸ್ಕತ್ತಿನ ಖಾಲಿ ಡಬ್ಬವನ್ನು ನನ್ನ ಮಡಿಲಿಗೆ ದೂಡಿದರು. "ಪಾದ್ರಿಗಳು ಪ್ರಾಯಶ್ಚಿತ್ತಕ್ಕೆ ಪ್ರಾರ್ಥನೆ ಹೇಳ್ಲಿಕ್ಕೆ ಕೊಡ್ತಾರೆ. ನಿನಗೆ ಇದು. ಬಾರಿಸು."

ಗಿಟಾರು ಬಂತು, ತಾಮ್ರದ ಪೈಪು ಬೆರಳಿಗೇರಿತು. ಗ್ಯಾಸ್ ತುಂಬುವ ಹಾಡು ಶುರುವಾಯಿತು. ಅರ್ಧ ದಾಟಿತು. ನಾನು ಓಡಲಿಲ್ಲ! ಪೊರ್ಬುಗಳು ಕಣ್ಣು ಅಗಲಿಸಿ, "ಅಂತೂ ನಿನ್ನ ಕೈಗೆ ಬುದ್ಧಿ ಬಂತು" ಎಂದರು.

"ಬುದ್ಧಿ ಅಲ್ಲ ಪೊರ್ಬುಲೆ, ಗಂಟು ನೋವು. ಬೆರಳು ಏಳುವುದಿಲ್ಲ."

"ದೇವರು ದೊಡ್ಡವನು" ಎಂದು ಅವರು ನುಡಿಸುತ್ತಲೇ ಹೋದರು. ಕೊನೆಯ ಸುತ್ತು ಬಂತು. ಅಷ್ಟರಲ್ಲಿ ಬಾಯಮ್ಮ ಹುರಿಯುತ್ತಿದ್ದ ಬಂಗುಡೆಯ ಹೊಗೆ ಹಾಲಿಗೆ ಬಂದು ಛಾವಣಿಯ ಬೆಂಕಿ ಅಲಾರಮ್ಮನ್ನು ಎಬ್ಬಿಸಿತು. ಇಡೀ ಕಟ್ಟಡ ಬೊಬ್ಬೆ ಹೊಡೆಯಿತು. ನಮ್ಮನ್ನೆಲ್ಲ ಮೆಟ್ಟಿಲಲ್ಲಿ ಇಳಿಸಿ ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ಲುಂಗಿಯಲ್ಲಿ ಗಿಟಾರು ಹಿಡಿದ ಪೊರ್ಬುಗಳು, ಡಬ್ಬ ಹಿಡಿದ ನಾನು, ಸೌಟು ಹಿಡಿದ ಬಾಯಮ್ಮ.

"ಇಷ್ಟು ವರ್ಷ ಇವನ ಹುಲಿ, ಇವತ್ತು ನಿನ್ನ ಬಂಗುಡೆ" ಎಂದು ಅವರು ಹೆಂಡತಿಯನ್ನು ಗದರಿದರು.

"ನಿಮ್ಮ ಹಾಡಿಗಾಗಿ ಮೀನು ಹಸಿ ತಿನ್ಲಿಕ್ಕೆ ಆಗ್ತದಾ?" ಎಂದರು ಬಾಯಮ್ಮ.

ಪೊರ್ಬುಗಳು ನನ್ನ ಬೆನ್ನು ತಟ್ಟಿದರು. "ಇರ್ಲಿ. ಶನಿವಾರ ಬಾ, ಮುಗಿಸುವ."

ಶನಿವಾರಕ್ಕೆ ಮೊದಲೇ ಅವರು ನಿದ್ದೆಯಲ್ಲಿ ಹೋದರು.

ಊರಿಗೆ ಕಳಿಸುವ ದೇಹಗಳಿಗೆ ಮದ್ದು ಹಾಕಿ ಪೆಟ್ಟಿಗೆಗೆ ಸೇರಿಸುವ ಜಾಗ ಇರುವುದು ಮುಹೈಸ್ನಾದಲ್ಲಿ. ಹೋಗುವವರನ್ನು ಇಲ್ಲಿಯವರು ಕೊನೆಯ ಸಲ ನೋಡುವುದು ಅಲ್ಲೇ. ನಾನು ಹೋದಾಗ ಫಿಲಿಪಿನೋ ಬಂದಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಪೊರ್ಬುಗಳಿಗೆ ಕೋಟು ತೊಡಿಸಿ, ಎದೆಯ ಮೇಲೆ ಕೈಗಳನ್ನು ಜೋಡಿಸಿ ಮಲಗಿಸಿದ್ದರು. ಎಡಗೈಯ ಕಿರುಬೆರಳು ಶುಭ್ರವಾಗಿತ್ತು.

"ನೋಡಿ, ಎಷ್ಟು ಚಂದ ತೊಳೆದಿದ್ದಾರೆ. ನನ್ನ ಹುಣಸೆಹುಳಿಗೆ ಒಂದು ದಿನವೂ ಕಿಲುಬು ಹೀಗೆ ಹೋಗ್ಲಿಲ್ಲ" ಎಂದು ಬಾಯಮ್ಮ ಪರ್ಸು ತೆರೆದರು. ಒಳಗಿಂದ ತಾಮ್ರದ ಪೈಪು ತೆಗೆದು ನನ್ನ ಕೈಗೆ ಕೊಟ್ಟರು. "ಇದು ಇಲ್ಲದೆ ಇವರು ಅಲ್ಲಿ ಏನು ಮಾಡ್ತಾರೆ? ನೀವೇ ಹಾಕಿ."

ಬೆರಳು ಬಿಗಿದುಕೊಂಡಿತ್ತು. ಪೈಪು ಉಗುರಿನ ಹತ್ತಿರವೇ ನಿಂತಿತು. ನನ್ನ ಗಂಟು ನೋವಿನ ಕೈಗೆ ಒತ್ತುವ ಬಲವೂ ಇರಲಿಲ್ಲ. ಆಂಬುಲೆನ್ಸಿನ ಡ್ರೈವರ್ ಬಾಗಿಲಲ್ಲಿ ನಿಂತು, "ಯಲ್ಲಾ, ಯಲ್ಲಾ, ಫ್ಲೈಟಿಗೆ ಹೊತ್ತಾಯಿತು" ಎನ್ನುತ್ತಿದ್ದ.

"ಅವಸರ ಮಾಡಬೇಡ ಭಾಯ್" ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಫಿಲಿಪಿನೋ ತಲೆ ಎತ್ತಿ ನೋಡಿದ.

ನಾನು ಗ್ಯಾಸಿನ ಹಾಡನ್ನು ಗುನುಗತೊಡಗಿದೆ. ಒಂದೊಂದು ಸುತ್ತಿಗೆ ಪೈಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಹಿಂದಿನಿಂದ ಫಿಲಿಪಿನೋ ಸೇರಿಕೊಂಡ. ಬಾಯಮ್ಮ ಆ ರಾಗಕ್ಕೆ ಸರಿಯಾಗಿ ತಲೆಯಾಡಿಸುತ್ತಿದ್ದರು. ಅದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅರ್ಧ ದಾಟಿತು. ಕೈ ಓಡಲಿಲ್ಲ. ಡ್ರೈವರ್ ಯಲ್ಲಾ ಎನ್ನುವುದನ್ನು ನಿಲ್ಲಿಸಿ ಟೋಪಿ ತೆಗೆದ. ಕೊನೆಯ ಸುತ್ತು ಮುಗಿಯುವಾಗ ಪೈಪು ಬೆರಳಿನ ಬುಡಕ್ಕೆ ಹೋಗಿ ಕೂತಿತು.

ಪೆಟ್ಟಿಗೆ ಮುಚ್ಚಿದರು. ವಿಮಾನ ಆ ದಿನ ತುಂಬ ತಡವಾಗಿ ಹೊರಟಿತೆಂದು ಆಮೇಲೆ ತಿಳಿಯಿತು. ಒಳಗೆ ಏಸಿ ಕೆಟ್ಟಿತ್ತಂತೆ.